ಸೈಕಲ್ಲಿಗೆ ಸ್ಪ್ರಿಂಗು ಬಂದ ಕಥೆ

2025ರ ದಸರೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿಕೊಂಡಿತು. ವಾದಿ ನನ್ನ ಮಗ, ಆಗಷ್ಟೇ ಇಂಜಿನಿಯರಿಂಗ್ ಕಾಲೇಜು ಸೇರಿದವನು. ಪ್ರತಿವಾದಿ ನಾನು. ನ್ಯಾಯಾಧೀಶರ ಸ್ಥಾನದಲ್ಲಿ ಎಂಬತ್ತು ತುಂಬಿದ ನಮ್ಮ ತಂದೆಯವರು. ವ್ಯಾಜ್ಯದ ವಸ್ತು ಒಂದು ಸೈಕಲ್ಲು.

ಹುಡುಗನಿಗೆ ಭಾನುವಾರ ಬೆಳಗಾದರೆ ಗೆಳೆಯರೊಡನೆ ವಿಕಾರಾಬಾದಿನ ಅನಂತಗಿರಿ ಗುಡ್ಡಕ್ಕೆ ಹೋಗುವ ಹಂಬಲ. ಮೂಸಿ ನದಿ ಹುಟ್ಟುವ ಆ ಕಾಡಿನಲ್ಲಿ ಕಲ್ಲು, ಬೇರು, ಕೊರಕಲುಗಳ ಮೇಲೆ ಸೈಕಲ್ಲು ಓಡಿಸುವುದು ಅವರ ಆಟ. ಅದಕ್ಕೆ 'ಮೌಂಟನ್ ಬೈಕ್' ಬೇಕು. ನಾವು ಅಪ್ಪ ಮಗ ಇಬ್ಬರೂ ಕೂಡಿ ತೆಗೆದಿರಿಸಿದ್ದ ಹಣ ಐವತ್ತು ಸಾವಿರ. ಆ ಮೊತ್ತಕ್ಕೆ ಎರಡು ಬಗೆಯ ಗಾಡಿ ಸಿಗುವಂತಿದ್ದವು. ಒಂದು, ಅಂಗಡಿಯಿಂದ ಹೊಸದಾಗಿ ಬರುವ, ಮುಂದಿನ ಗಾಲಿಗೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲು. ಇದಕ್ಕೆ 'ಹಾರ್ಡ್‌ಟೇಲ್' ಎಂದು ಹೆಸರು, ಅಂದರೆ ಗಟ್ಟಿ ಬಾಲದ್ದು. ಇನ್ನೊಂದು, ಏಳು ವರ್ಷ ಯಾರೋ ಓಡಿಸಿ ಮಾರುತ್ತಿದ್ದ, ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ 'ಫುಲ್ ಸಸ್ಪೆನ್ಷನ್' ಸೈಕಲ್ಲು. ಹೊಸದಿದ್ದಾಗ ಅದರ ಬೆಲೆ ಎರಡು ಲಕ್ಷಕ್ಕೂ ಮೇಲೆ.

"ಅಪ್ಪಾ, ಎರಡು ಲಕ್ಷದ್ದು ಐವತ್ತಕ್ಕ ಬರ್ಲಿಕ್ಕತ್ತದ. ಬ್ಯಾಡ ಅಂತೀರೇನು?" ಎಂದು ಅವನ ವಾದ.

ಕಡತವನ್ನು ಮೇಲಕ್ಕೆ ಕಳುಹಿಸುವ ಮೊದಲು ಹಿಂದಿನ ಕಾಗದಗಳನ್ನು ತೆಗೆದು ನೋಡಬೇಕೆಂಬುದು ನಮ್ಮ ಕಚೇರಿಯ ಪದ್ಧತಿ. ಇಪ್ಪತ್ತು ವರ್ಷ ಗುಮಾಸ್ತಗಿರಿ ಮಾಡಿದವನಿಗೆ ಈ ಚಟ ಮನೆಯಲ್ಲೂ ಬಿಡುವುದಿಲ್ಲ. ಹೀಗಾಗಿ ಸೈಕಲ್ಲಿಗೆ ಸ್ಪ್ರಿಂಗು ಯಾವಾಗ ಬಂತು, ಏಕೆ ಬಂತು ಎಂಬ ಹಿಂದಿನ ಕಾಗದಗಳನ್ನು ಹುಡುಕಲು ಕುಳಿತೆ. ಅಲ್ಲಿ ಕಂಡದ್ದು ಸ್ವಾರಸ್ಯವಾಗಿತ್ತು. ನಮ್ಮ ಮನೆಯ ವ್ಯಾಜ್ಯ ನೂರ ನಲವತ್ತು ವರ್ಷಗಳಷ್ಟು ಹಳೆಯದು!

ಎಲುಬು ಕುಲುಕುವ ಗಾಡಿ

ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಎರಡು ಗಾಲಿಯ ಮರದ ಗಾಡಿಯೊಂದನ್ನು ಓಡಿಸಿ ತೋರಿಸಿದ. ಅದಕ್ಕೆ ಪೆಡಲು ಇರಲಿಲ್ಲ, ಕಾಲಿನಿಂದ ನೆಲವನ್ನು ಒದ್ದು ಸಾಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲು ಕೂಡಿಸಿದ ಗಾಡಿಗಳು ಬಂದವು. ಮರದ ಗಾಲಿ, ಅದರ ಸುತ್ತ ಕಬ್ಬಿಣದ ಪಟ್ಟಿ, ಕೆಳಗೆ ಕಲ್ಲು ಹಾಸಿದ ಬೀದಿ. ನಮ್ಮೂರಿನ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೆತ್ತೆಯಿಲ್ಲದೆ ಹತ್ತು ಮೈಲಿ ಹೋದವರಿಗೆ ಆ ಸುಖದ ಕಲ್ಪನೆ ಬಂದೀತು. ಇಂಗ್ಲಿಷರು ಅದಕ್ಕೆ ಇಟ್ಟ ಅಡ್ಡಹೆಸರು 'ಬೋನ್‌ಶೇಕರ್', ಎಂದರೆ ಎಲುಬು ಕುಲುಕುವ ಗಾಡಿ.

ಇದಕ್ಕೆ ಸಿಕ್ಕ ಮೊದಲ ಪರಿಹಾರ ದೊಡ್ಡ ಗಾಲಿ. 1870ರ ದಶಕದಲ್ಲಿ ಆಳೆತ್ತರದ ಮುಂಗಾಲಿಯ ಸೈಕಲ್ಲುಗಳು ಬಂದವು. ಚಿತ್ರಗಳಲ್ಲಿ ನೋಡಿ ನಗುತ್ತೇವಲ್ಲ, ಅವೇ. ಮುಂಗಾಲಿ ದೊಡ್ಡದಾದಷ್ಟೂ ಪೆಡಲಿನ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ ಎಂಬುದು ಅದರ ಮುಖ್ಯ ಲೆಕ್ಕ. ಆದರೆ ಅದರ ಜೊತೆಗೆ ಇನ್ನೊಂದು ಲಾಭವೂ ಒದಗಿತು. ಸಣ್ಣ ಗಾಲಿ ಇಳಿಯುವ ಗುಂಡಿಯ ಮೇಲೆ ದೊಡ್ಡ ಗಾಲಿ ತೇಲಿಹೋಗುತ್ತದೆ. ಎಲುಬಿಗೆ ಆರಾಮ ಸಿಕ್ಕಿತು, ತಲೆಗೆ ಅಪಾಯ ಬಂತು. ಎದುರಿಗೆ ಕಲ್ಲು ಸಿಕ್ಕರೆ ಸವಾರ ಹ್ಯಾಂಡಲಿನ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ಎಂಬ ಸೈಕಲ್ಲನ್ನು ತಂದ. ಸಮನಾದ ಎನ್ನಬಹುದಾದ ಎರಡು ಗಾಲಿ, ಹಿಂದಿನ ಗಾಲಿಗೆ ಚೈನು, ನೆಲಕ್ಕೆ ಕಾಲು ಸಿಗುವಷ್ಟು ಎತ್ತರ. ಇಂದಿನ ಸೈಕಲ್ಲಿನ ತಾತ ಅದೇ. ಬೀಳುವ ಭಯ ಹೋಯಿತು. ಆದರೆ ಗಾಲಿ ಚಿಕ್ಕದಾದ ಕೂಡಲೇ ಕುಲುಕಾಟ ಮತ್ತೆ ಹಾಜರಾಯಿತು. ಟಯರು ಆಗ ಗಟ್ಟಿ ರಬ್ಬರಿನದು.

ಹಾಗೆಂದೇ ಅದೇ 1885ರಲ್ಲಿ ಲಂಡನ್ನಿನ ಲಿನ್ಲಿ ಅಂಡ್ ಬಿಗ್ಸ್ ಕಂಪನಿಯವರು 'ವಿಪ್ಪೆಟ್' ಎಂಬ ಸ್ಪ್ರಿಂಗಿನ ಸೈಕಲ್ಲನ್ನು ತಂದರು. ಸೀಟು, ಹ್ಯಾಂಡಲು, ಪೆಡಲು ಈ ಮೂರನ್ನೂ ಒಂದು ತ್ರಿಕೋನವಾಗಿ ಬಿಗಿದು, ಆ ತ್ರಿಕೋನವನ್ನು ಗಾಲಿಗಳ ಚೌಕಟ್ಟಿನಿಂದ ಸ್ಪ್ರಿಂಗಿನ ಮೂಲಕ ಬೇರೆ ಮಾಡಿದ್ದರು. ಗಾಲಿಗಳು ಎಷ್ಟು ಕುಣಿದರೂ ಸವಾರನ ಸೀಟಿಗೂ ಪೆಡಲಿಗೂ ನಡುವಿನ ಅಂತರ ಬದಲಾಗದು. ಉಪಾಯ ಜಾಣತನದ್ದೇ. ನನ್ನ ಮಗ ಕೇಳುತ್ತಿದ್ದ 'ಫುಲ್ ಸಸ್ಪೆನ್ಷನ್'ನ ಮುತ್ತಾತ ಇದೇ ಎನ್ನಬಹುದು.

ಗಾಳಿಯ ಗೆಲುವು

ಆದರೆ ಈ ಸ್ಪ್ರಿಂಗಿನ ಸೈಕಲ್ಲುಗಳ ಭಾಗ್ಯ ಬಹುಕಾಲ ಉಳಿಯಲಿಲ್ಲ. ಮೂರೇ ವರ್ಷಕ್ಕೆ, 1888ರಲ್ಲಿ, ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರಿನ ಕೊಳವೆ ಸುತ್ತಿ ನೋಡಿದ. ಇಲ್ಲೂ ಕಥೆಯ ಆರಂಭ ಒಬ್ಬ ಅಪ್ಪ, ಒಬ್ಬ ಮಗ ಎಂಬುದನ್ನು ವಾಚಕರು ಗಮನಿಸಬೇಕು. ಗಾಳಿಯ ಟಯರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದ. ಹಾಗಾಗಿ ಡನ್‌ಲಪ್ಪನ ಪೇಟೆಂಟ್ ಮುಂದೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿಯ ಟಯರಿನ ಸೈಕಲ್ಲಿನಲ್ಲಿ ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದಾಗ ಅದುವರೆಗೆ ನಗುತ್ತಿದ್ದವರ ಬಾಯಿ ಕಟ್ಟಿತು.

ಬಿ.ಎಸ್‌ಸಿ.ಯಲ್ಲಿ ಓದಿದ ಅಷ್ಟಿಷ್ಟು ಭೌತಶಾಸ್ತ್ರ ಇಲ್ಲಿ ನೆನಪಿಗೆ ಬರುತ್ತದೆ. ಮುಚ್ಚಿದ ಕೊಳವೆಯ ಗಾಳಿಯನ್ನು ಒತ್ತಿದರೆ ಒತ್ತಡ ಏರಿ ಅದು ತಿರುಗಿ ತಳ್ಳುತ್ತದೆ. ಎಂದರೆ ಗಾಳಿಯ ಟಯರೂ ಒಂದು ಸ್ಪ್ರಿಂಗೇ. ಅದೂ ಎಂಥ ಸ್ಪ್ರಿಂಗು! ಸವೆಯುವ ಕೀಲಿಲ್ಲ, ಎಣ್ಣೆ ಬೇಕಿಲ್ಲ, ತುಕ್ಕು ಹಿಡಿಯುವುದಿಲ್ಲ, ಏಟು ಬೀಳುವ ಜಾಗದಲ್ಲೇ ಅದು ಇರುತ್ತದೆ. ಕೆಟ್ಟರೆ ಬೇಕಾದದ್ದು ಒಂದು ಬೋಗುಣಿ ನೀರು, ಒಂದು ತುಂಡು ರಬ್ಬರು, ಸ್ವಲ್ಪ ಸೊಲ್ಯೂಷನ್ನು. ಇಂಥದೊಂದು ಎದುರಿಗೆ ಬಂದ ಮೇಲೆ ವಿಪ್ಪೆಟ್ಟಿನಂಥ ಸ್ಪ್ರಿಂಗಿನ ಚೌಕಟ್ಟುಗಳು ಮೂಲೆ ಸೇರಿದವು. ಅವು ಕೆಟ್ಟವೆಂದಲ್ಲ. ಅದೇ ಕೆಲಸವನ್ನು ಬಹುಪಾಲು ಮಾಡುವ ಸರಳ ವಸ್ತು ಸಿಕ್ಕಿತು, ಅಷ್ಟೆ.

ನಮ್ಮ ದೇಶಕ್ಕೆ ಬಂದದ್ದು ಇದಾದ ಮೇಲಿನ ಸೈಕಲ್ಲು. ಇಪ್ಪತ್ತೆಂಟು ಇಂಚಿನ ಗಾಲಿ, ಹಿಂದಕ್ಕೆ ಒರಗಿದ ಉದ್ದನೆಯ ಚೌಕಟ್ಟು, ಕೆಳಗೆ ಸ್ಪ್ರಿಂಗುಗಳಿರುವ ತೊಗಲಿನ ಸೀಟು. ದೊಡ್ಡ ಗಾಲಿ, ಗಾಳಿಯ ಟಯರು, ಸೀಟಿನ ಸ್ಪ್ರಿಂಗು ಇವೇ ನಮ್ಮ ಹಿರಿಯರ ಶಾಕ್ ಅಬ್ಸಾರ್ಬರುಗಳು. ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದವು. ಮುಂಬಯಿಯ ಹಿಂದ್ ಸೈಕಲ್ಸ್ 1939ರಲ್ಲಿ ಆರಂಭವಾಯಿತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನ ಅಟ್ಲಾಸ್, 1952ರಲ್ಲಿ ಆಸನ್ಸೋಲಿನ ಸೆನ್‌-ರ್‍ಯಾಲಿ, 1956ರಲ್ಲಿ ಲುಧಿಯಾನದ ಹೀರೋ ಒಂದರ ಹಿಂದೊಂದು ಹುಟ್ಟಿದವು. ಇವೆಲ್ಲ ತಯಾರಿಸಿದ್ದು ಹೆಚ್ಚುಕಡಿಮೆ ಒಂದೇ ಅಚ್ಚಿನ ಸೈಕಲ್ಲನ್ನು. ಅದನ್ನು ಟೀಕಿಸುವವರು ಇದ್ದಾರೆ. ಆದರೆ ಅದರ ಫಲ ನೋಡಿ. ಬೀದರದಲ್ಲಿ ಕೊಂಡ ಕಾಟರ್ ಪಿನ್ನು ಹೈದರಾಬಾದಿನಲ್ಲಿ ಕೂರುತ್ತಿತ್ತು.

ತಂದೆಯವರ ರ್‍ಯಾಲಿ

ಈ ಪತ್ರಿಕೆಯ ಓದುಗರಲ್ಲಿ ಹಲವರ ಮನೆತನದಂತೆ ನಮ್ಮದೂ ರಾಯಚೂರಿನ ಕಡೆಯದು. 1956ರ ನವೆಂಬರ್ 1ಕ್ಕೆ ಮೊದಲು ಹೈದರಾಬಾದು ನಮಗೆ ಪರರಾಜ್ಯವಾಗಿರಲಿಲ್ಲ, ರಾಜಧಾನಿಯಾಗಿತ್ತು. ತಂದೆಯವರು 1968ರಲ್ಲಿ ಕೇಂದ್ರ ಸರ್ಕಾರದ ನೌಕರಿ ಹಿಡಿದು ಇಲ್ಲಿಗೆ ಬಂದಾಗ ಕಾಚಿಗುಡದಲ್ಲಿ ಒಂದು ಕೋಣೆ ಹಿಡಿದರು. ಕಚೇರಿ ಸೈಫಾಬಾದಿನಲ್ಲಿ. ನಾರಾಯಣಗುಡ, ಬಷೀರ್‌ಬಾಗ್ ದಾಟಿ ಹೋಗಬೇಕು. ಸೈಕಲ್ಲು ಅನಿವಾರ್ಯವಾಯಿತು.

ಅವರ ಎದುರಿಗೂ ಆಗ ಎರಡು ದಾರಿಗಳಿದ್ದವು. ಕೇಂದ್ರ ನೌಕರರಿಗೆ ಆ ಕಾಲದಲ್ಲಿ ಸೈಕಲ್ ಮುಂಗಡ ಎಂಬ ಸವಲತ್ತಿತ್ತು. ಅದನ್ನು ಪಡೆದು ಹೊಸ ದೇಶೀ ಸೈಕಲ್ಲು ಕೊಂಡರೆ ತಿಂಗಳ ಸಂಬಳದಲ್ಲಿ ಕಂತಾಗಿ ಕಡಿತವಾಗುತ್ತಿತ್ತು. ಅಥವಾ ನಿವೃತ್ತರಾಗುತ್ತಿದ್ದ ಹಿರಿಯ ಗುಮಾಸ್ತರೊಬ್ಬರು ಮಾರಲಿದ್ದ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಹಳೆಯ ರ್‍ಯಾಲಿ. ತಂದೆಯವರು ಹಳೆಯದನ್ನೇ ಕೊಂಡರು. ಬೆಲೆ ಹೊಸದರ ಅರ್ಧಕ್ಕೂ ಕಡಿಮೆ.

ಆ ರ್‍ಯಾಲಿ ಮೂವತ್ತು ವರ್ಷಕ್ಕೂ ಮೇಲೆ ನಮ್ಮ ಮನೆಯಲ್ಲಿ ದುಡಿಯಿತು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ತಂದೆಯವರು ನನ್ನನ್ನು ಅದರ ಮುಂದಿನ ಡಂಡಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಒಳಪೆಡಲು ಹೊಡೆದು ನಾನು ಸವಾರಿ ಕಲಿತದ್ದೂ ಅದರ ಮೇಲೆಯೇ. ಆ ಅವಧಿಯಲ್ಲಿ ಟಯರು, ಚೈನು, ಫ್ರೀವೀಲು, ಬೇರಿಂಗಿನ ಗುಂಡುಗಳು, ಬ್ರೇಕಿನ ರಬ್ಬರು ಇವೆಲ್ಲ ಎಷ್ಟು ಸಲ ಬದಲಾದವೋ ಲೆಕ್ಕವಿಲ್ಲ. ಬೀದಿ ಕೊನೆಯ ಮಿಸ್ತ್ರಿ ಚಾಚಾ ಎಲ್ಲವನ್ನೂ ಒಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಿದ್ದ. ಚೌಕಟ್ಟು, ಮುಂದಿನ ಚಿಮ್ಟಾ ಮಾತ್ರ ನಾಟಿಂಗ್‌ಹ್ಯಾಮಿನವೇ ಉಳಿದವು.

ಸೈಕಲ್ ಮುಂಗಡ ಈಗಿಲ್ಲ. ಏಳನೆಯ ವೇತನ ಆಯೋಗದ ವರದಿಯ ಮೇಲೆ 2016ರಲ್ಲಿ ಅದು ರದ್ದಾಯಿತು. ಸೈಕಲ್ಲಿನ ಮೇಲೆ ಓಡಾಡಬೇಕಾದ ಅಂಚೆಯವರಿಗೆ ಕೊಡುತ್ತಿದ್ದ ಭತ್ಯೆಯನ್ನಂತೂ ಆಯೋಗ ಬೇಡವೆಂದರೂ ಸರ್ಕಾರ ಉಳಿಸಿಕೊಂಡು, 2017ರಲ್ಲಿ ತಿಂಗಳಿಗೆ 90 ರೂಪಾಯಿಯಿಂದ 180ಕ್ಕೆ ಏರಿಸಿತು. ಇರಲಿ, ಕಚೇರಿಯ ಮಾತು ಇಷ್ಟೇ ಸಾಕು.

ಕ್ಯಾಲಿಫೋರ್ನಿಯದ ಗುಡ್ಡ

ತಂದೆಯವರು ಸೈಫಾಬಾದಿಗೆ ರ್‍ಯಾಲಿ ತುಳಿಯುತ್ತಿದ್ದ ವರ್ಷಗಳಲ್ಲೇ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೆಲವು ತರುಣರು ಟಾಮಲ್‌ಪೈಸ್ ಬೆಟ್ಟದ ಸುತ್ತಮುತ್ತ ಹುಚ್ಚಾಟಕ್ಕೆ ತೊಡಗಿದ್ದರು. ಮಣ್ಣಿನ ಕಡಿದಾದ ದಾರಿಯಲ್ಲಿ ಸೈಕಲ್ಲಿನ ಮೇಲೆ ಧಡಧಡ ಇಳಿಯುವುದೇ ಆ ಆಟ. ಪೇಟೆಯಲ್ಲಿ ಸಿಗುತ್ತಿದ್ದ ಹೊಸ ರೇಸಿನ ಸೈಕಲ್ಲುಗಳು ಆ ಏಟಿಗೆ ತಾಳುವಂತಿರಲಿಲ್ಲ. ಆದ್ದರಿಂದ ಅವರು ಹುಡುಕಿ ತಂದದ್ದು 1930, 40ರ ದಶಕದ ಶ್ವಿನ್ ಕಂಪನಿಯ ಹಳೆಯ ಸೈಕಲ್ಲುಗಳನ್ನು. ಎರಡು ಇಂಚಿಗೂ ಮೇಲೆ ದಪ್ಪದ ಟಯರು, ಎಮ್ಮೆಯಂಥ ಚೌಕಟ್ಟು. ಹಿಂದಿನ ಗಾಲಿಯ ಗುಂಭದೊಳಗೇ ಬ್ರೇಕು. ಒಂದು ಸಲ ಇಳಿದರೆ ಬ್ರೇಕು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕು. ಹಾಗೆಂದೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಿತ್ತು. ಅಲ್ಲಿ ಮೊದಲ ಪಂದ್ಯ ನಡೆದದ್ದು 1976ರ ಅಕ್ಟೋಬರ್ 21ರಂದು.

ಈ ಸಂಗತಿಯನ್ನು ನಾನು ಓದಿ ಹೇಳಿದಾಗ ಮಗ ಚಪ್ಪಾಳೆ ತಟ್ಟಿದ. "ನೋಡ್ರಿ ಅಪ್ಪಾ, ಮೌಂಟನ್ ಬೈಕ್ ಹುಟ್ಟಿದ್ದೇ ಸೆಕೆಂಡ್ ಹ್ಯಾಂಡ್ ಸೈಕಲ್ಲಿನ್ಯಾಗ!" ಮಾತು ನಿಜ. ನನ್ನ ಬಳಿ ಉತ್ತರವಿರಲಿಲ್ಲ.

1977ರಲ್ಲಿ ಜೋ ಬ್ರೀಝ್ ಈ ಆಟಕ್ಕೆಂದೇ ಹೊಸ ಚೌಕಟ್ಟು ಬೆಸೆದ. 1979ರಲ್ಲಿ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಇಬ್ಬರೂ ಟಾಮ್ ರಿಚಿ ಮಾಡಿಕೊಟ್ಟ ಚೌಕಟ್ಟುಗಳನ್ನು 'ಮೌಂಟನ್‌ಬೈಕ್ಸ್' ಎಂಬ ಹೆಸರಿನಲ್ಲಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಬಂದು ಮೌಂಟನ್ ಬೈಕು ಕಾರ್ಖಾನೆಯ ಸರಕಾಯಿತು. ಇವು ಯಾವುದಕ್ಕೂ ಸ್ಪ್ರಿಂಗು ಇರಲಿಲ್ಲ. ದಪ್ಪ ಟಯರಿನ ಗಾಳಿಯೇ ಗತಿ.

ವಿಪ್ಪೆಟ್ಟಿನ ಆತ್ಮ ಮರುಹುಟ್ಟು ಪಡೆದದ್ದು 1989ರ ಸುಮಾರಿಗೆ. ಮೋಟಾರ್ ಸೈಕಲ್ಲಿನ ಅನುಭವವಿದ್ದ ಪಾಲ್ ಟರ್ನರ್ 'ರಾಕ್‌ಶಾಕ್ಸ್' ಎಂಬ ಕಂಪನಿ ಕಟ್ಟಿ ಸೈಕಲ್ಲಿನ ಮುಂಗಾಲಿಗೆ ಶಾಕ್ ಇರುವ ಚಿಮ್ಟಾ ತಂದ. 1990ರಲ್ಲಿ ಕೊಲರಾಡೊದ ಡುರಾಂಗೊ ಊರಿನಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟದ ಮೊದಲ ಮೌಂಟನ್ ಬೈಕ್ ವಿಶ್ವ ಸ್ಪರ್ಧೆ ನಡೆದಾಗ ಇಳಿಜಾರಿನ ಓಟವನ್ನು ಗ್ರೆಗ್ ಹರ್ಬೋಲ್ಡ್ ಈ ಚಿಮ್ಟಾದ ಸೈಕಲ್ಲಿನಲ್ಲಿ ಗೆದ್ದ. ಮುಂದೆ ಹಿಂಗಾಲಿಗೂ ಶಾಕ್ ಹಬ್ಬಿತು. ಹಿಂದೆ ಶಾಕ್ ಇಲ್ಲದ್ದನ್ನು ಬೇರೆಯಾಗಿ ಗುರುತಿಸಬೇಕಾಗಿ ಬಂದಾಗ ಮೋಟಾರ್ ಸೈಕಲ್ಲಿನವರ ಪದವಾದ 'ಹಾರ್ಡ್‌ಟೇಲ್' ಸೈಕಲ್ಲಿಗೂ ಅಂಟಿಕೊಂಡಿತು. ಎಲ್ಲರಿಗೂ ಬಾಲ ಗಟ್ಟಿಯಾಗಿದ್ದಾಗ ಆ ಹೆಸರು ಯಾರಿಗೆ ಬೇಕಿತ್ತು?

ಶಾಕ್ ಎಂದರೆ ಬರೀ ಸ್ಪ್ರಿಂಗಲ್ಲ. ಬರೀ ಸ್ಪ್ರಿಂಗಾದರೆ ಅದುಮಿದಷ್ಟೇ ಬಲದಿಂದ ಮೇಲಕ್ಕೆ ಚಿಮ್ಮಿ ಸವಾರ ಕಪ್ಪೆಯಂತೆ ಜಿಗಿಯುತ್ತಾನೆ. ಅದರೊಳಗೆ ಸಣ್ಣ ರಂಧ್ರದ ಮೂಲಕ ಎಣ್ಣೆ ನುಸುಳಬೇಕು. ಆ ನುಸುಳುವಿಕೆಯಲ್ಲಿ ಏಟಿನ ಶಕ್ತಿ ಶಾಖವಾಗಿ ಕಳೆಯುತ್ತದೆ. ಒಳ್ಳೆಯ ಶಾಕ್‌ಗಳಲ್ಲಿ ಉಕ್ಕಿನ ಸುರುಳಿಯ ಬದಲು ಗಾಳಿಯೇ ಸ್ಪ್ರಿಂಗು. ಅದನ್ನು ಹಿಡಿದಿಡಲು ರಬ್ಬರಿನ ಸೀಲುಗಳು. ಹಿಂಗಾಲಿಗೆ ಶಾಕ್ ಇದ್ದರೆ ಚೌಕಟ್ಟೇ ಎರಡು ತುಂಡಾಗಿ, ನಡುವೆ ಕೀಲುಗಳು, ಕೀಲಿನೊಳಗೆ ಬೇರಿಂಗುಗಳು. ಇವೆಲ್ಲಕ್ಕೂ ಗಂಟೆಯ ಲೆಕ್ಕದಲ್ಲಿ ಆರೈಕೆ ಬೇಕು. ಐವತ್ತು ಗಂಟೆ ಓಡಿಸಿದರೆ ಒಂದು ಸೇವೆ, ಇನ್ನೂರಾದರೆ ಇನ್ನೊಂದು.

ಒಂದು ಸೆಕೆಂಡಿನ ಅಂತರ

ಹಾಗಾದರೆ ಇಷ್ಟೆಲ್ಲ ಉಸಾಬರಿಯ ಲಾಭವೆಷ್ಟು? 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕ್ ಮೊದಲ ಸಲ ಸೇರಿತು. ಅಲ್ಲಿಂದ ಮುಂದೆ ಹದಿನಾರು ವರ್ಷ ಚಿನ್ನವೆಲ್ಲ ಗಟ್ಟಿ ಬಾಲದ ಸೈಕಲ್ಲುಗಳಿಗೇ ಹೋಯಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಆಗಸ್ಟ್ 11ರಂದು ಮಹಿಳೆಯರ ಓಟವನ್ನು ಫ್ರಾನ್ಸಿನ ಜೂಲಿ ಬ್ರೆಸೆ ಹಾರ್ಡ್‌ಟೇಲ್‌ನಲ್ಲಿ ಗೆದ್ದಳು. ಮರುದಿನ ಪುರುಷರ ಓಟದಲ್ಲಿ ಝೆಕ್ ದೇಶದ ಯಾರೋಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ ಗೆದ್ದು, ಅಂಥ ಸೈಕಲ್ಲಿಗೆ ಮೊದಲ ಒಲಿಂಪಿಕ್ ಚಿನ್ನ ತಂದ. ಹಾರ್ಡ್‌ಟೇಲ್ ಮೇಲಿದ್ದ ಸ್ವಿಟ್ಸರ್ಲೆಂಡಿನ ನಿನೊ ಶುರ್ಟರ್ ಎರಡನೆಯವನಾದ. ಒಂದೂವರೆ ಗಂಟೆಯ ಆ ಓಟದಲ್ಲಿ ಇಬ್ಬರ ನಡುವಿನ ಅಂತರ ಒಂದೇ ಒಂದು ಸೆಕೆಂಡು!

"ಆದ್ರ ಗೆದ್ದಿದ್ದು ಫುಲ್ ಸಸ್ಪೆನ್ಷನ್ನೇ" ಎಂದ ಮಗ. ಅದೂ ನಿಜವೇ. ಆಮೇಲಿನ ವರ್ಷಗಳಲ್ಲಿ ಶುರ್ಟರನೇ ಫುಲ್ ಸಸ್ಪೆನ್ಷನ್ನಿಗೆ ಬದಲಾಗಿ 2016ರಲ್ಲಿ ರಿಯೋದಲ್ಲಿ ಚಿನ್ನ ಗೆದ್ದ. ಒರಟು ನೆಲದಲ್ಲಿ ಹಿಂಗಾಲಿ ನೆಲ ಬಿಡದೆ ಓಡುವುದರಿಂದ ಹಿಡಿತ ಹೆಚ್ಚು, ಬೆನ್ನಿಗೆ ದಣಿವು ಕಡಿಮೆ. ವಸ್ತು ಒಳ್ಳೆಯದೆಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಆದರೆ ಆ ಸೈಕಲ್ಲುಗಳ ಹಿಂದೆ ಮಿಸ್ತ್ರಿಗಳ ಒಂದು ಪಡೆಯೇ ಇರುತ್ತದೆ.

ನನ್ನ ಹಿಂಜರಿಕೆಗೆ ಇನ್ನೊಂದು ಕಾರಣವೂ ಇತ್ತು. ಮಗ ಹತ್ತು ವರ್ಷದವನಾಗಿದ್ದಾಗ ಹುಟ್ಟುಹಬ್ಬಕ್ಕೆಂದು 'ಡಬಲ್ ಶಾಕರ್' ಸೈಕಲ್ಲೊಂದನ್ನು ಕೊಡಿಸಿದ್ದೆ. ನೋಡಲು ಮೋಟಾರ್ ಸೈಕಲ್ಲಿನ ಠೀವಿ. ತೂಕ ಅವನಿಂದ ಎತ್ತಲಾಗದಷ್ಟು. ಹಿಂದಿನ ಸ್ಪ್ರಿಂಗಿನಲ್ಲಿ ಎಣ್ಣೆಯ ಏರ್ಪಾಡೇ ಇರಲಿಲ್ಲ, ಪೆಡಲು ಒತ್ತಿದರೆ ಅರ್ಧ ಬಲ ಅದನ್ನು ಕುಣಿಸುವುದಕ್ಕೇ ಹೋಗುತ್ತಿತ್ತು. ಎಂಟು ತಿಂಗಳಲ್ಲಿ ಕೀಲು ಸವೆದು ಹಿಂಗಾಲಿ ಅಲ್ಲಾಡತೊಡಗಿತು. ಮಾರಿದ ಅಂಗಡಿಯವನು "ಇಸ್ಕೆ ಪುರ್ಜೆ ನಹೀ ಆತೆ ಸಾಬ್" ಎಂದು ಕೈಯೆತ್ತಿದ. ಕೊನೆಗೆ ಅದು ಹಳೇ ಕಬ್ಬಿಣದವನ ತಕ್ಕಡಿ ಏರಿತು. ಅಂದು ಮಗು ಅತ್ತದ್ದು ನನಗೆ ಮರೆತಿಲ್ಲ.

ತೀರ್ಪು

ಒಂದು ಭಾನುವಾರ ಮೂವರೂ ಕೊಂಡಾಪುರದ ಕಡೆ ಆ ಹಳೆಯ ಸೈಕಲ್ಲು ನೋಡಲು ಹೋದೆವು. ಮಾರುವವನು ಸಜ್ಜನ, ಏನನ್ನೂ ಮುಚ್ಚಿಡಲಿಲ್ಲ. ಸೀಟು ಹಿಡಿದು ಮೆಲ್ಲಗೆ ಎತ್ತಿದಾಗ ಹಿಂಗಾಲಿ ನೆಲ ಬಿಡುವ ಮೊದಲೇ 'ಟಕ್' ಎಂಬ ಸದ್ದು. ಕೀಲಿನ ಬೇರಿಂಗು ಸವೆದಿದೆ ಎಂಬುದರ ಗುರುತು ಅದು. ಶಾಕ್‌ನ ನುಣುಪಾದ ಕೊಳವೆಯ ಮೇಲೆ ಉಗುರಿಗೆ ತಾಕುವ ಒಂದು ಗೀರು. ಗೀರಿದ್ದರೆ ಸೀಲು ಹರಿಯುತ್ತದೆ, ಗಾಳಿ ನಿಲ್ಲುವುದಿಲ್ಲ. ಆ ಅಳತೆಯ ಶಾಕ್ ಹೊರದೇಶದಿಂದ ತರಿಸಬೇಕೆಂದು ಮಿಸ್ತ್ರಿ ಹೇಳಿದ. ರಿಪೇರಿಗೆ ಎಷ್ಟಾದೀತೆಂದು ಕೇಳಿದಾಗ ಅವನು ಹೇಳಿದ ಅಂಕಿ ಸೈಕಲ್ಲಿನ ಬೆಲೆಯ ಮೂರನೆಯ ಒಂದು ಪಾಲನ್ನು ದಾಟಿತ್ತು.

ತಂದೆಯವರು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೊಮ್ಮಗನನ್ನು ಕೇಳಿದರು: "ಗಾಡಿ ಭಾಳ ಚಂದ ಅದ. ಕೆಟ್ರ ಇದನ್ನ ಯಾರು ರಿಪೇರಿ ಮಾಡ್ತಾರಪಾ?"

"ನಾ ಕಲೀತೀನಿ ತಾತ."

"ಕಲಿ. ಕಲಿತ ಮ್ಯಾಲ ತಗೋ."

ಆಗ ನನಗೆ ಹೊಳೆಯಿತು. 1968ರಲ್ಲಿ ಹಳೆಯದನ್ನು ಆರಿಸಿದವರು ಈಗ ಹೊಸದನ್ನು ಆರಿಸುತ್ತಿದ್ದರು. ಆದರೆ ಎರಡು ಸಲವೂ ಅವರು ಕೇಳಿದ ಪ್ರಶ್ನೆ ಒಂದೇ. ಹಳೆಯ ರ್‍ಯಾಲಿಯಲ್ಲಿ ಸವೆಯುವುದೆಲ್ಲ ಹೊರಗೇ ಕಾಣುತ್ತಿತ್ತು, ಬೀದಿ ಕೊನೆಯಲ್ಲಿ ಸಿಗುತ್ತಿತ್ತು. ಈ ಸೈಕಲ್ಲಿನಲ್ಲಿ ಸವೆಯುವುದು ಒಳಗೆ ಅಡಗಿದೆ, ಸಮುದ್ರದಾಚೆಯಿಂದ ಬರಬೇಕು. ಹಳತು ಹೊಸತೆಂಬುದು ಇಲ್ಲಿ ವಿಷಯವೇ ಅಲ್ಲ. ಒಂದು ವಸ್ತುವನ್ನು ಕೊಳ್ಳುವಾಗ ಅದರ ಆರೈಕೆಯನ್ನೂ ಕೊಳ್ಳುತ್ತೇವೆ. ಅದು ನಮ್ಮ ಕೈಗೆ, ನಮ್ಮ ಊರಿಗೆ ಎಟುಕುತ್ತದೆಯೇ ಎಂದು ನೋಡಬೇಕು. ವಿಪ್ಪೆಟ್ಟನ್ನು ಡನ್‌ಲಪ್ಪನ ಟಯರು ಸೋಲಿಸಿದ್ದೂ ಈ ಲೆಕ್ಕದಲ್ಲೇ.

ಹೊಸ ಹಾರ್ಡ್‌ಟೇಲ್ ಕೊಂಡೆವು. ಆ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದ್ದರಿಂದ ಉಳಿದ ಹಣಕ್ಕೆ ಹೆಲ್ಮೆಟ್ಟು, ಇನ್ನೂ ಸ್ವಲ್ಪ ಅಗಲದ ಟಯರುಗಳು ಬಂದವು. ಅನಂತಗಿರಿಯಿಂದ ಮೊದಲ ಸಲ ಮರಳಿದ ಮಗ ಸೊಂಟ ಹಿಡಿದುಕೊಂಡು, "ಹೇಳಿದ್ನಿಲ್ರೀ ಅಪ್ಪಾ?" ಎಂದ. ಬಿಸಿನೀರು ಕಾಯಿಸಿಕೊಟ್ಟೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ. ಈಗ ಕಲ್ಲಿನ ಮೇಲೆ ಸೀಟಿನಿಂದ ಎದ್ದು ಮೊಣಕಾಲು ಬಾಗಿಸಿ ಇಳಿಯುವುದನ್ನು ಕಲಿತಿದ್ದಾನೆ. ಕಾಲೇ ಶಾಕ್ ಅಬ್ಸಾರ್ಬರ್ ಎನ್ನುತ್ತಾನೆ.

ಆ ಹಳೆಯ ಸೈಕಲ್ಲನ್ನು ಅವನ ಗುಂಪಿನ ಇನ್ನೊಬ್ಬ ಹುಡುಗ ಕೊಂಡ. ಶಾಕ್ ಬಿಚ್ಚಿ ಕಟ್ಟುವುದನ್ನು ಸ್ವತಃ ಬಲ್ಲವನು ಅವನು. ಬೇರಿಂಗು ಬದಲಿಸಿ, ಎರಡು ತಿಂಗಳು ಕಾದು ಭಾಗ ತರಿಸಿ, ಗಾಡಿಯನ್ನು ಹೊಸದರಂತೆ ಮಾಡಿದ್ದಾನೆ. ಅವನ ಮಟ್ಟಿಗೆ ಅದೇ ಸರಿಯಾದ ಆಯ್ಕೆ. ನನ್ನ ಮಗ ಈಗ ಭಾನುವಾರ ಸಂಜೆ ಅವನ ಮನೆಗೆ ಹೋಗಿ, ಕೈಗೆಲ್ಲ ಎಣ್ಣೆ ಬಳಿದುಕೊಂಡು ಬರುತ್ತಾನೆ. ತಂದೆಯವರು ಅದನ್ನು ನೋಡಿಯೂ ನೋಡದಂತೆ ಪತ್ರಿಕೆ ಓದುತ್ತಿರುತ್ತಾರೆ. ಮುಂದಿನ ವ್ಯಾಜ್ಯಕ್ಕೆ ನಾನು ಈಗಿಂದಲೇ ಹಣ ಕೂಡಿಡತೊಡಗಿದ್ದೇನೆ.